ಹಗಲು ಪಾಳಿ

ಅಂತ್ಯಕ್ರಿಯೆಯ ಮರುದಿನ ಕಸದ ಗಾಡಿ ಬರುವ ದಿನ. ಬ್ರಯೊನಿ ಎದ್ದವಳೇ, ಹಿಂದಿನ ದಿನ ಬಂದವರು ಬಿಟ್ಟುಹೋಗಿದ್ದ ಕಾಗದದ ತಟ್ಟೆಗಳನ್ನೂ ಸ್ಯಾಂಡ್‌ವಿಚ್ಚಿನ ಅಂಚುಗಳನ್ನೂ ಚೀಲಕ್ಕೆ ತುಂಬಿ, ಬೀದಿಗಿಡಲೆಂದು ಬಾಗಿಲು ತೆಗೆದಳು. ಮೆಟ್ಟಿಲ ಮೇಲೆ ಆಲ್ವಿನ್ ಹೆಸ್ಲಪ್ ನಿಂತಿದ್ದ. ನಿನ್ನೆಯದೇ ಕಪ್ಪು ಕೋಟು, ನಿನ್ನೆಯದೇ ಟೋಪಿ. ಕೈಯಲ್ಲಿ ಮುಚ್ಚಳವಿದ್ದ ಬೆತ್ತದ ಬುಟ್ಟಿ. ಒಳಗಿನಿಂದ ಏನೋ ಸಿಟ್ಟಿನಲ್ಲಿ ಗುಟುಗುಡುತ್ತಿತ್ತು.

"ಇವನು ಮನೆಗೆ ಬಂದ್ಬಿಟ್ಟಿದಾನೆ ಕಣಮ್ಮ," ಅಂದ.

"ಯಾರು?"

"ನನ್ನ ನೀಲಿ ಗಂಡು. ನಿನ್ನ ಯಜಮಾನ ಎರವಲು ತಗೊಂಡಿದ್ನಲ್ಲ, ಅವನು. ನಿನ್ನೆ ಎಲ್ಲಾ ಮುಗಿಸ್ಕೊಂಡು ಹೋಗಿ ನೋಡ್ತೀನಿ, ನಮ್ಮ ಪಾರಿವಾಳದ ಗೂಡುಮನೆ ಮಾಡಿನ ಮೇಲೆ ಕೂತು ನನ್ನನ್ನೇ ಬೈತಿದಾನೆ. ಊಟ ಎಲ್ಲಿ ಅಂತ."

ಬ್ರಯೊನಿಗೆ ಆ ವಾರವೆಲ್ಲ ಮಾತುಗಳು ಗೋಡೆಯಾಚೆಯಿಂದ ಬಂದಂತೆ ಕೇಳುತ್ತಿದ್ದವು. ಇದೂ ಹಾಗೇ ಬಂದು, ಸ್ವಲ್ಪ ಹೊತ್ತು ಹೊರಗೇ ನಿಂತು, ಆಮೇಲೆ ಒಳಗೆ ಬಂತು.

ಬ್ಲ್ಯಾಕ್‌ಡೀನ್ ಎಂಬ ಈ ಹಳೆಯ ಗಣಿಯೂರಿನಲ್ಲಿ ಪಾರಿವಾಳ ಸಾಕುವವನು ತೀರಿಕೊಂಡರೆ ಅವನ ಹಕ್ಕಿಗಳನ್ನೇ ಬುಟ್ಟಿಯಲ್ಲಿ ಒಯ್ದು, ಚಿತಾಗಾರದ ಅಂಗಳದಲ್ಲಿ ಹಾರಿಬಿಡುತ್ತಾರೆ. ಅಂತ್ಯಕ್ರಿಯೆಗೆ ಬಂದವರು ಮನೆಗೆ ಮರಳುವ ಮೊದಲೇ ಹಕ್ಕಿಗಳು ಮನೆ ಸೇರಿರುತ್ತವೆ. ಅವಳ ಗಂಡ ಕ್ಯಾಲಮ್ ಶಾಲೆಯ ಮೇಷ್ಟ್ರು, ಗಣಿಯ ಮುಖ ಕಂಡವನಲ್ಲ, ಹಕ್ಕಿ ಸಾಕತೊಡಗಿ ನಾಲ್ಕಾರು ವರ್ಷ ಅಷ್ಟೆ. ಆದರೂ ಶನಿವಾರ ಮೈದಾನದಲ್ಲಿ ಚೆಂಡಿನ ಹಿಂದೆ ಓಡುತ್ತಿದ್ದವನು ಕುಸಿದು ಬಿದ್ದು ಮತ್ತೆ ಏಳದಿದ್ದಾಗ, ಪಾರಿವಾಳ ಸಂಘದವರು ಅವನು ನಮ್ಮವನೇ ಎಂದು ತೀರ್ಮಾನಿಸಿದರು. ಸಂಘದ ಕಾರ್ಯದರ್ಶಿ ಕೆನ್ ರಟರ್ ನಿನ್ನೆ ಬೆಳಕು ಹರಿಯುವ ಹೊತ್ತಿಗೆ ಹಿತ್ತಲಿಗೆ ಬಂದು, ಗೂಡುಮನೆಯಿಂದ ನಾಲ್ಕು ಹಕ್ಕಿ ಹಿಡಿದೊಯ್ದಿದ್ದ. ಹಾರಿಬಿಟ್ಟಾಗ ಮೂರು ಸಮುದ್ರದ ಕಡೆ ತಿರುಗಿದವು, ಒಂದು ಗುಡ್ಡದ ಕಡೆ ತಿರುಗಿತು. ಬ್ರಯೊನಿ ಅದನ್ನು ನೋಡಿದ್ದಳು. ಏನೂ ಅನ್ನಿಸಿರಲಿಲ್ಲ.

"ಇರೋದ್ರಲ್ಲಿ ಚೆನ್ನಾಗಿರೋನನ್ನ ಆರಿಸಿದೆ ಅಂತಾನೆ ಕೆನ್," ಹೆಸ್ಲಪ್ ಹೇಳಿದ. "ಚೆನ್ನಾಗಿದಾನೆ, ಅದಕ್ಕೆ ನಾನು ಬೇಡ ಅನ್ನಲ್ಲ. ಆದ್ರೆ ಕಾಲಿನ ಉಂಗುರದ ಮೇಲೆ ನನ್ನ ನಂಬರಿದೆ, ಅದನ್ನ ನೋಡೋದಲ್ವಾ? ಕಣ್ಣಲ್ಲಿ ನೀರಿತ್ತು, ಓದಕ್ಕಾಗ್ಲಿಲ್ಲ ಅಂತಾನೆ. ಇನ್ನು ಅವನನ್ನ ಬೈಯೋದು ಹೇಗೆ, ನೀನೇ ಹೇಳು."

"ಹಕ್ಕಿ ನಿಮ್ಮದೇ. ನಿಮ್ಮ ಹತ್ರಾನೇ ಇರ್ಲಿ ಬಿಡಿ, ಮಿಸ್ಟರ್ ಹೆಸ್ಲಪ್."

"ಇವನ ಪಾಳಿ ಯಾರು ಮಾಡ್ತಾರೆ? ಮೊಟ್ಟೆ ಇದಾವಲ್ಲ."

ಮೊಟ್ಟೆಗಳ ವಿಷಯ ಅವಳಿಗೆ ಮರೆತೇಹೋಗಿತ್ತು.

*

ಮೊಟ್ಟೆಗಳ ಹಿಂದೆ ಒಂದು ಜಗಳವಿತ್ತು. ಹೆಸ್ಲಪ್ ಸಾಕುವುದು ನೀಲಿ ಹಕ್ಕಿಗಳನ್ನು ಮಾತ್ರ. ತನ್ನ ನೀಲಿ ಗಂಡುಗಳ ರಕ್ತ ಎಷ್ಟು ಗಟ್ಟಿಯೆಂದರೆ ಅವಕ್ಕೆ ಹುಟ್ಟುವುದೆಲ್ಲ ನೀಲಿಯೇ ಎಂದು ಇಪ್ಪತ್ತು ವರ್ಷ ಸಂಘದಲ್ಲಿ ಕೊಚ್ಚಿಕೊಂಡಿದ್ದ. "ನಿಮ್ಮ ಹೆಣ್ಣುಗಳೂ ನೀಲಿಯೇ. ಇನ್ನೇನು ಹಸಿರು ಮರಿ ಹುಟ್ಟುತ್ತಾ?" ಎಂದು ಕ್ಯಾಲಮ್ ಒಂದು ಸಂಜೆ ಕೇಳಿಬಿಟ್ಟ. ಅಲ್ಲಿಂದ ಪಂತ ಶುರು. ಕ್ಯಾಲಮ್‌ನ ಕೆಂಪು ಹೆಣ್ಣಿನ ಜೊತೆ ಹೆಸ್ಲಪ್‌ನ ನೀಲಿ ಗಂಡನ್ನು ಕೂಡಿಹಾಕುವುದು. ಎರಡೂ ಮರಿ ನೀಲಿಯಾದರೆ ಹೆಸ್ಲಪ್ ಗೆದ್ದ. ಮರಿಗಳನ್ನು ಊರಿಗೆಲ್ಲ ತೋರಿಸುವ ಸಂಜೆ, ಸೋತವನು ಅಂಗಿಯ ಮೇಲೆ ಅಡುಗೆಯವರ ಏಪ್ರನ್ ಕಟ್ಟಿಕೊಂಡು ಸಭೆಗೆಲ್ಲ ಚಹಾ ಹಂಚಬೇಕು.

ಊರಿಗೆ ತೋರಿಸುವ ಸಂಜೆ ಬಂದದ್ದು ಅನುದಾನದಿಂದ. ಶಾಲೆಯ ಮಕ್ಕಳಿಗೂ ಊರವರಿಗೂ ತಳಿವಿಜ್ಞಾನ ತಿಳಿಸಿಕೊಡುವ ಮೇಷ್ಟ್ರುಗಳಿಗೆ ಸಣ್ಣ ಸಣ್ಣ ಅನುದಾನ ಕೊಡುವ ಸಂಘವೊಂದಿದೆ. ಕ್ಯಾಲಮ್ ಅದಕ್ಕೆ ಅರ್ಜಿ ಬರೆದಿದ್ದ. ನಿಮ್ಮ ಊರಿಗೇ ಏಕೆ ಕೊಡಬೇಕು ಎಂಬ ಪ್ರಶ್ನೆಗೆ, "ಇಲ್ಲಿ ಮನೆಗೊಬ್ಬರು ತಳಿವಿಜ್ಞಾನಿ ಇದ್ದಾರೆ. ಅವರಿಗೆ ಅದನ್ನು ಇನ್ನೂ ಯಾರೂ ಹೇಳಿಲ್ಲ, ಅಷ್ಟೆ" ಎಂದು ಉತ್ತರಿಸಿದ್ದ. ಬ್ರಯೊನಿ ವಿಶ್ವವಿದ್ಯಾಲಯದಲ್ಲಿ ಓದಿದ್ದು ಇತಿಹಾಸ, ಕೆಲಸ ಜಿಲ್ಲೆಯ ದಫ್ತರಖಾನೆಯಲ್ಲಿ. ಅರ್ಜಿಯ ಅಲ್ಪವಿರಾಮಗಳನ್ನು ತಿದ್ದಿಕೊಟ್ಟದ್ದಷ್ಟೇ ಅವಳ ಪಾಲು. ಆ ವಾಕ್ಯ ತುಸು ಹೆಚ್ಚಾಯಿತು, ತೆಗಿ ಅಂದಿದ್ದಳು. ಅವನು ತೆಗೆದಿರಲಿಲ್ಲ. ಅನುದಾನ ಬಂದಿತ್ತು.

ಈಗ ಆ ಅನುದಾನದ ಸಂಘದವರು ಸಂತಾಪದ ಮಿಂಚಂಚೆ ಕಳಿಸಿದ್ದರು. ಕಾರ್ಯಕ್ರಮ ಕೈಬಿಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ, ಉಳಿದದ್ದನ್ನು ಹಿಂದಿರುಗಿಸಿದರೆ ಸಾಕು, ಈ ವಾರದೊಳಗೆ ಒಂದು ಮಾತು ತಿಳಿಸಿ ಎಂದಿದ್ದರು. ಎಲ್ಲರೂ ಹಾಗೇ ಹೇಳುತ್ತಿದ್ದರು: ಏನೂ ಮಾಡಬೇಡ, ಸುಮ್ಮನಿರು. ಅವಳಿಗೂ ಅದೇ ಬೇಕಾಗಿತ್ತು.

*

ಗೂಡುಮನೆಯೊಳಗೆ ಬೆಚ್ಚಗಿತ್ತು. ಮೂಲೆಯ ಬಲೆಯ ಖಾನೆಯಲ್ಲಿ ಕೆಂಪು ಹೆಣ್ಣು ಮಣ್ಣಿನ ಬಟ್ಟಲಿನ ಮೇಲೆ ಗರಿ ಹರಡಿ ಕೂತಿತ್ತು. ಅಲ್ಲಾಡಲಿಲ್ಲ. ಒಂದು ಕಣ್ಣು ಮಾತ್ರ ಇವರತ್ತ ತಿರುಗಿತು.

"ಕೂತಿರೋ ಹೆಣ್ಣನ್ನ ಮುಟ್ಟಬಾರ್ದು ಅನ್ನೋ ಬುದ್ಧಿ ಇತ್ತು ಕೆನ್‌ಗೆ, ಅಷ್ಟಾದ್ರೂ," ಹೆಸ್ಲಪ್ ಪಿಸುಗುಟ್ಟಿದ. "ನೋಡಮ್ಮ, ಇವ್ರದ್ದು ನಮ್ಮ ಗಣಿ ಇದ್ದ ಹಾಗೇ. ರಾತ್ರಿ ಪಾಳಿ ಅವಳದ್ದು. ಬೆಳಿಗ್ಗೆ ಹತ್ತರ ಸುಮಾರಿಗೆ ಇವನು ಬಂದು ಕೂತ್ಕೋತಾನೆ, ಸಾಯಂಕಾಲದವರೆಗೆ ಹಗಲು ಪಾಳಿ ಇವನದ್ದು. ನಿನ್ನೆ ಇವನು ಕೆಲಸಕ್ಕೆ ಚಕ್ಕರ್. ಎರಡೂ ಪಾಳಿ ಅವಳೇ ಎಳೆದಿದಾಳೆ. ತಿಂದಿದಾಳೋ ಇಲ್ವೋ."

ಬಾಗಿಲಲ್ಲಿ ಇಟ್ಟ ಕಾಳು ಹಾಗೇ ಇತ್ತು.

"ಮೊಟ್ಟೆ ಸತ್ತಿರಬಹುದಾ?" ಬ್ರಯೊನಿ ಕೇಳಿದಳು. ಆ ವಾರ ಅವಳಾಗಿ ಕೇಳಿದ ಮೊದಲ ಪ್ರಶ್ನೆ ಅದು.

"ಫೋನಲ್ಲಿ ದೀಪ ಇದೆಯಾ?"

ಹೆಸ್ಲಪ್ ಹೆಣ್ಣಿನ ಎದೆಯ ಕೆಳಗೆ ಕೈ ತೂರಿಸಿ ಒಂದು ಮೊಟ್ಟೆ ತೆಗೆದ. ಹೆಣ್ಣು ಅವನ ಮಣಿಕಟ್ಟಿಗೆ ರೆಕ್ಕೆಯಿಂದ ಬಾರಿಸಿತು. "ಹೊಡಿ ತಾಯಿ, ಹೊಡಿ," ಅಂದ. ಬ್ರಯೊನಿ ಫೋನಿನ ಬೆಳಕನ್ನು ಮೊಟ್ಟೆಗೆ ತಾಗಿಸಿ ಹಿಡಿದಳು. ಚಿಪ್ಪು ದೀಪದ ಗಾಜಿನಂತೆ ಹೊಳೆಯಿತು. ಒಳಗೆ ಕೆಂಪು ನರಗಳು ಬೇರಿನ ಹಾಗೆ ಹರಡಿದ್ದವು. ಅವುಗಳ ನಡುವೆ ಒಂದು ಚುಕ್ಕೆ ಮಿಡಿಯುತ್ತಿತ್ತು. ಅವಳು ಅದನ್ನು ನೋಡುತ್ತಲೇ ಇದ್ದಳು. ಕೊನೆಗೆ ಹೆಸ್ಲಪ್, "ಸಾಕಮ್ಮ, ಥಂಡಿ ಆಗುತ್ತೆ ಅದಕ್ಕೆ," ಅಂದು ವಾಪಸ್ ಇಟ್ಟ. ಇನ್ನೊಂದೂ ಬದುಕಿತ್ತು.

ಬುಟ್ಟಿಯ ಮುಚ್ಚಳ ತೆಗೆದಾಗ ನೀಲಿ ಗಂಡು ಹೊರಬಂದು, ಎದೆಯುಬ್ಬಿಸಿ, ಒಂದು ಸುತ್ತು ಠೀವಿಯಿಂದ ನಡೆದು, ಬಟ್ಟಲಿನ ಪಕ್ಕ ನಿಂತಿತು. ಹೆಣ್ಣು ಅದರ ತಲೆಗೆ ಎರಡು ಸಲ ಕುಟುಕಿತು. ಗಂಡು ಕಣ್ಣು ಮುಚ್ಚಿಕೊಂಡು ಕುಟುಕಿಸಿಕೊಂಡಿತು.

"ಎಲ್ಲಿಗೆ ಹೋಗಿದ್ದೆ ಅಂತ ಕೇಳ್ತಿದಾಳೆ," ಹೆಸ್ಲಪ್ ಹೇಳಿದ. "ನನ್ನ ಹೆಂಡ್ತಿ ಡೋರೀನೂ ಹೀಗೇ ಕೇಳ್ತಾಳೆ. ಬಾಯಲ್ಲಿ ಕೇಳ್ತಾಳೆ ಅನ್ನೋದೊಂದೇ ವ್ಯತ್ಯಾಸ."

ಆಮೇಲೆ ಹೆಣ್ಣು ಎದ್ದು ಸರಿಯಿತು. ಗಂಡು ಹತ್ತಿ ಕೂತು, ಮೊಟ್ಟೆಗಳನ್ನು ಕೊಕ್ಕಿನಿಂದ ಹೊಟ್ಟೆಯಡಿಗೆ ಎಳೆದುಕೊಂಡಿತು. ಹೆಣ್ಣು ನೇರ ಕಾಳಿನ ಹತ್ತಿರ ಹೋಗಿ ಗಬಗಬ ತಿನ್ನತೊಡಗಿತು.

"ಇನ್ನೊಂದು ವಿಷಯ ನೋಡ್ಬೇಕು," ಅಂದ ಹೆಸ್ಲಪ್. "ಉಂಗುರ ಕೊಡು."

"ಯಾವ ಉಂಗುರ?"

"ಕೈಯಲ್ಲಿದೆಯಲ್ಲ. ಮೊಟ್ಟೆಯೊಳಗೆ ಗಂಡೋ ಹೆಣ್ಣೋ ನೋಡೋಕೆ. ಡೋರೀನ್‌ದು ಬೆರಳು ಕತ್ತರಿಸಿದ್ರೂ ಬರಲ್ಲ, ಇಲ್ಲಾಂದ್ರೆ ತಂದಿರ್ತಿದ್ದೆ."

ಅವಳು ಎಳೆಯಬೇಕಾಗಲಿಲ್ಲ. ಉಂಗುರ ತಾನೇ ಜಾರಿತು. ಹೆಸ್ಲಪ್ ಅವಳ ಸೊರಗಿದ ಬೆರಳನ್ನು ನೋಡಿದ. ಕೋಟಿನ ಗುಂಡಿಯಿಂದ ದಾರ ಕಿತ್ತು, ಉಂಗುರ ಕಟ್ಟಿ, ಗಂಡಿನ ಬೆನ್ನ ಮೇಲೆ ತೂಗಬಿಟ್ಟ. ಅದು ಮೆಲ್ಲಗೆ ವೃತ್ತ ಸುತ್ತಿತು.

"ನೋಡಿದ್ಯಾ. ಉದ್ದಕ್ಕೆ ತೂಗಿದ್ರೆ ಗಂಡು, ಸುತ್ತು ಬಂದ್ರೆ ಹೆಣ್ಣು. ಎರಡೂ ಹೆಣ್ಣು. ಎರಡೂ ನೀಲಿ. ಬರೆದಿಟ್ಕೋ."

"ಮಿಸ್ಟರ್ ಹೆಸ್ಲಪ್, ಮೊಟ್ಟೆ ಕೆಳಗಿದೆ. ನೀವು ಹಿಡಿದಿರೋದು ಅವನ ಮೇಲೆ."

"ಅವನನ್ನೂ ದಾಟಿ ಹೋಗುತ್ತೆ ಅದು."

"ಹಾಗಾದ್ರೆ ಅವನೂ ಹೆಣ್ಣಾ?"

ಹೆಸ್ಲಪ್ ಉಂಗುರ ನೋಡಿದ, ಹಕ್ಕಿ ನೋಡಿದ. ಹಕ್ಕಿಯೂ ಅವನನ್ನು ನೋಡಿತು. ಬ್ರಯೊನಿಯ ಗಂಟಲಲ್ಲಿ ಏನೋ ಹೊರಳಿತು. ಅದು ನಗು ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

*

ಕ್ಯಾಲಮ್‌ನ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಮಿಸೆಸ್ ಪ್ರೌಡ್‌ಲಾಕ್ ಅವಳನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ಬಿಸ್ಕತ್ತು ಮುಂದಿಟ್ಟು, ಅನುದಾನ ಹಿಂದಿರುಗಿಸುವ ಪತ್ರ ತಾವೇ ಬರೆಯುವುದಾಗಿ ಹೇಳಿದರು. "ನಿನ್ನ ತಲೆಗೆ ಇದೆಲ್ಲ ಬೇಡ ಕಣೇ. ನಾನು ನೋಡ್ಕೋತೀನಿ."

"ಮಕ್ಕಳು ಏನಂತಾರೆ?"

"ಮಕ್ಕಳಾ? ಮೊಟ್ಟೆ ಏನಾಯ್ತು ಅಂತ ದಿನಾ ಕೇಳ್ತಾರೆ. ಗೊತ್ತಿಲ್ಲ ಅಂತೀನಿ."

"ಬದುಕಿವೆ," ಅಂದಳು ಬ್ರಯೊನಿ. "ನಾನೇ ಹೇಳ್ಲಾ?"

ತರಗತಿಯ ಗೋಡೆಯ ಮೇಲೆ ಕ್ಯಾಲಮ್ ಬರೆದ ಹಾಳೆ ಇನ್ನೂ ಇತ್ತು: *ಅಮ್ಮನ ಕೆಂಪು ಮಗನಿಗೆ, ಅಪ್ಪನ ನೀಲಿ ಮಗಳಿಗೆ.* ಮೊಟ್ಟೆ ಬದುಕಿವೆ ಎಂದಾಗ ಮಕ್ಕಳು ಡೆಸ್ಕು ಬಡಿದರು. ಆಮೇಲೆ ಅವಳ ಮುಖ ನೋಡಿ, ಬಡಿಯಬಾರದಿತ್ತೇನೋ ಎಂದು ನಿಲ್ಲಿಸಿದರು.

"ಬಡೀರಿ, ಪರವಾಗಿಲ್ಲ," ಅಂದಳು. "ಆದ್ರೆ ಒಂದು ವಿಷಯ. ಈ ಹಾಳೆ ನನಗೆ ಅರ್ಥ ಆಗಿಲ್ಲ. ಮನೇಲಿ ನಿಮ್ಮ ಸರ್ ಎರಡು ಸಲ ಹೇಳಿದ್ರು. ಎರಡು ಸಲವೂ ನಾನು ಬೇರೇನೋ ಯೋಚಿಸ್ತಾ ಹೂಂ ಅಂದಿದ್ದೆ."

ಮೇಸಿ ಎಂಬ ಹುಡುಗಿ ಎದ್ದು ಬಂದು, ಕೆಂಪು ನೀಲಿ ಮಣಿಗಳ ಡಬ್ಬಿಯನ್ನು ಅವಳ ಮುಂದೆ ಸುರಿದಳು. ಆ ಮಣಿ ಅನುದಾನದಲ್ಲಿ ಕೊಂಡದ್ದು.

"ಅಪ್ಪ ಹಕ್ಕಿ ಹತ್ರ ಎರಡು ಮಣಿ ಮಿಸ್, ಎರಡೂ ನೀಲಿ. ಅಮ್ಮನ ಹತ್ರ ಒಂದೇ ಬಣ್ಣದ ಮಣಿ, ಕೆಂಪು. ಇನ್ನೊಂದು ಖಾಲಿ ಮಣಿ, ಅದರಲ್ಲಿ ಬಣ್ಣ ಇಲ್ಲ. ಮರಿಗೆ ಅಪ್ಪಂದೊಂದು, ಅಮ್ಮಂದೊಂದು. ಅಮ್ಮ ಖಾಲಿ ಮಣಿ ಕೊಟ್ರೆ ಮರಿ ಹೆಣ್ಣು. ಆಗ ಅಪ್ಪನ ನೀಲಿ ಒಂದೇ ಉಳಿಯುತ್ತೆ, ಮರಿ ನೀಲಿ."

"ಅಮ್ಮ ಕೆಂಪು ಕೊಟ್ರೆ?"

"ಮರಿ ಗಂಡು. ಒಂದು ಕೆಂಪು ಒಂದು ನೀಲಿ ಇರುತ್ತೆ, ಆದ್ರೆ ಕೆಂಪು ಜೋರು, ಅದೇ ಕಾಣೋದು."

"ನೀಲಿ ಎಲ್ಲಿ ಹೋಗುತ್ತೆ?"

"ಎಲ್ಲೂ ಹೋಗಲ್ಲ ಮಿಸ್. ಒಳಗೇ ಇರುತ್ತೆ. ಸರ್ ಹೇಳಿದ್ರು, ಕೆಂಪು ಗಂಡಿನ ಗರಿ ಹತ್ರದಿಂದ ನೋಡಿದ್ರೆ ಅಲ್ಲಲ್ಲಿ ಶಾಯಿ ಚಿಮುಕಿಸಿದ ಹಾಗೆ ಕಪ್ಪು ಚುಕ್ಕೆ ಇರುತ್ತಂತೆ. ಅದು ಅಪ್ಪನದ್ದು."

ಬ್ರಯೊನಿ ಮಣಿಗಳನ್ನು ಅತ್ತಿತ್ತ ಸರಿಸಿ ನೋಡಿದಳು. ಮೂರನೇ ಸಲ ಹೇಳಿಸಿಕೊಂಡಾಗ ಅರ್ಥವಾಯಿತು. ಹೊರಗೆ ಬಂದು ಮಿಸೆಸ್ ಪ್ರೌಡ್‌ಲಾಕ್‌ಗೆ, "ಪತ್ರ ಬರೀಬೇಡಿ," ಅಂದಳು. "ಸಂಜೆ ಕಾರ್ಯಕ್ರಮ ಆಗ್ಲಿ. ನಾನು ನಿಲ್ತೀನಿ."

"ಏನು ಮಾತಾಡ್ತೀಯ?"

"ಗೊತ್ತಿಲ್ಲ. ಮಕ್ಕಳು ಮಾತಾಡ್ತಾರೆ. ಆದ್ರೆ ಕ್ಯಾಲಮ್ ಹೇಳಿದ್ದು ತಪ್ಪಾಯ್ತು ಅಂದ್ರೆ ಎಲ್ಲರೆದುರು ತಪ್ಪಾಗುತ್ತೆ. ಅದೊಂದೇ ಭಯ."

*

ಮೊಟ್ಟೆ ಒಡೆದು ಮರಿಗಳು ಬಂದವು. ಕುರುಡು, ಬೋಳು, ಕುರೂಪಿ. ಹೆಸ್ಲಪ್ ಪ್ರತಿದಿನ ಏನಾದರೊಂದು ನೆಪ ಹೇಳಿಕೊಂಡು ಬರುತ್ತಿದ್ದ: ಕಾಳು ಸರಿಯಿದೆಯೇ, ಬಾಗಿಲ ಕೀಲು ಬಿಗಿಯಿದೆಯೇ, ಡೋರೀನ್ ಕೊಟ್ಟ ಪೈ ತಿಂದೆಯಾ. ಗರಿಗಳು ಮೊಳೆತು ಬಿರಿಯತೊಡಗಿದ ಬೆಳಿಗ್ಗೆ ಬ್ರಯೊನಿ ಅವನಿಗೆ ಫೋನ್ ಮಾಡಿದಳು. ಬಂದು, ಬಾಗಿ, ಬಹಳ ಹೊತ್ತು ನೋಡಿದ. ಒಂದು ಮರಿ ನೀಲಿ. ಇನ್ನೊಂದು ಇಟ್ಟಿಗೆ ಪುಡಿಯಂಥ ಕೆಂಪು.

"ಬೆಳಕು ಸರಿಯಿಲ್ಲ," ಅಂದ.

ಅವಳು ಕಿಟಕಿಯ ಪರದೆ ಸರಿಸಿದಳು.

"ಈಗ ಬೆಳಕು ಜಾಸ್ತಿ ಆಯ್ತು." ಕುರ್ಚಿ ಎಳೆದು ಕೂತ. "ಸರಿ, ಕೆಂಪೇ. ಏಪ್ರನ್ ಕಟ್ಕೋತೀನಿ. ಆದ್ರೆ ಅದೂ ಹೆಣ್ಣೇ. ಉಂಗುರ ಸುಳ್ಳು ಹೇಳಲ್ಲ. ಕೆಂಪು ಹೆಣ್ಣಾದ್ರೆ ನಿನ್ನ ಮೇಷ್ಟ್ರ ಲೆಕ್ಕವೂ ಮುರಿದ ಹಾಗೆ, ಅಲ್ವಾ?"

ಹೌದು. ಇಷ್ಟು ಎಳೆಯ ಪಾರಿವಾಳ ಗಂಡೋ ಹೆಣ್ಣೋ ಎಂದು ಕಣ್ಣಿನಿಂದ ಹೇಳಲಾಗುವುದಿಲ್ಲ. ಅದಕ್ಕೂ ಕ್ಯಾಲಮ್ ಅನುದಾನದಲ್ಲಿ ದಾರಿ ಮಾಡಿಟ್ಟಿದ್ದ. ಎದೆಯ ಎರಡು ಗರಿ ಕಿತ್ತು ಪ್ರಯೋಗಾಲಯಕ್ಕೆ ಕಳಿಸಿದರೆ ವಂಶವಾಹಿ ನೋಡಿ ಹೇಳುತ್ತಾರೆ. ಉತ್ತರ ನನಗೆ ಬೇಡ, ಮಿಸೆಸ್ ಪ್ರೌಡ್‌ಲಾಕ್‌ಗೆ ಕಳಿಸಿ ಎಂದು ಬ್ರಯೊನಿ ಬರೆದಳು. ಮನೆಯಲ್ಲಿ ಒಬ್ಬಳೇ ಕೂತು ಅದನ್ನು ಓದುವುದು ಅವಳಿಂದ ಆಗುತ್ತಿರಲಿಲ್ಲ.

*

ಗಣಿ ಕಾರ್ಮಿಕರ ಸಭಾಭವನ ತುಂಬಿತ್ತು. ಹೆಸ್ಲಪ್ ಕಪ್ಪು ಕೋಟಿನ ಮೇಲೆ ಡೋರೀನಳ ಹೂವಿನ ಏಪ್ರನ್ ಕಟ್ಟಿಕೊಂಡು ಚಹಾದ ಗಾಡಿ ತಳ್ಳುತ್ತಿದ್ದ. ಪ್ರತಿಯೊಬ್ಬರೂ ಎರಡೆರಡು ಸಲ ಕರೆದರು.

"ಆಲ್ವಿನ್, ಸಕ್ಕರೆ ಕಮ್ಮಿ ಆಯ್ತು."

"ನಿನ್ನ ಮುಖ ನೋಡಿ ಹಾಕಿದ್ದು ಕೆನ್. ಇದಕ್ಕಿಂತ ಸಿಹಿ ಆಗಲ್ಲ."

"ಸೊಂಟದ ಗಂಟು ಚೆನ್ನಾಗಿದೆ. ಯಾರು ಕಟ್ಟಿದ್ದು?"

"ಕುಡಿದು ಸುಮ್ನೆ ಕೂತ್ಕೋ."

ಮಕ್ಕಳು ವೇದಿಕೆಯ ಮೇಲೆ ಕೆಂಪು ನೀಲಿ ಬಲೂನು ಹಿಡಿದು ಅಪ್ಪ ಅಮ್ಮ ಮರಿಗಳಾದರು. ಅನುದಾನದ ಸಂಘದಿಂದ ಬಂದಿದ್ದ ಮಹಿಳೆ ಹಿಂದಿನ ಸಾಲಿನಲ್ಲಿ ಕೂತು ನಗುತ್ತಿದ್ದಳು. ಮುಂದಿನ ಸಾಲಿನ ಮುದುಕರು ನಗಲಿಲ್ಲ. ಅವರು ಮುಂದಕ್ಕೆ ಬಾಗಿ ಬಲೂನು ಎಣಿಸುತ್ತಿದ್ದರು. "ತಡಿ, ತಡಿ," ಅಂದ ಕೆನ್, "ಅಂದ್ರೆ ನನ್ನ ಕೆಂಪು ಗಂಡು ನನಗೆ ನೀಲಿ ಮರಿ ಕೊಟ್ಟಾಗ, ಪಕ್ಕದ ಮನೆ ಹಕ್ಕಿ ಮೇಲೆ ನಾನು ಅನುಮಾನ ಪಟ್ಟಿದ್ದು…"

"ಅನ್ಯಾಯ ಅಂಕಲ್," ಅಂದಳು ಮೇಸಿ ವೇದಿಕೆಯಿಂದ.

ಬ್ರಯೊನಿ ಮಾತಾಡಿದ್ದು ಕಡಿಮೆ. ಮರಿಗಳ ಬುಟ್ಟಿ ಮೇಜಿನ ಮೇಲಿಟ್ಟು, "ಕ್ಯಾಲಮ್ ಅರ್ಜಿಯಲ್ಲಿ ಒಂದು ಮಾತು ಬರೆದಿದ್ರು. ಈ ಊರಲ್ಲಿ ಮನೆಗೊಬ್ಬರು ತಳಿವಿಜ್ಞಾನಿ ಇದಾರೆ, ಅವರಿಗೆ ಅದನ್ನ ಇನ್ನೂ ಯಾರೂ ಹೇಳಿಲ್ಲ ಅಂತ. ಅದನ್ನ ತೆಗಿ ಅಂದಿದ್ದೆ. ಈಗ ನಿಮಗೆ ನಾನೇ ಹೇಳ್ತಿದೀನಿ," ಅಂದಳು. ಆಮೇಲೆ ಪಕ್ಕಕ್ಕೆ ಸರಿದು ನಿಂತಳು.

ಮಿಸೆಸ್ ಪ್ರೌಡ್‌ಲಾಕ್ ಎದ್ದು ಕನ್ನಡಕ ಹಾಕಿಕೊಂಡರು. ಅವರ ಮುಖದಿಂದ ಏನೂ ತಿಳಿಯುತ್ತಿರಲಿಲ್ಲ. ಹೆಸ್ಲಪ್ ಚಹಾದ ಗಾಡಿ ನಿಲ್ಲಿಸಿದ.

"ನೀಲಿ ಮರಿ," ಅಂದರು. "ಹೆಣ್ಣು."

"ಉಂಗುರ," ಅಂದ ಹೆಸ್ಲಪ್ ಎಲ್ಲರಿಗೂ ಕೇಳುವಂತೆ.

"ಕೆಂಪು ಮರಿ." ಕನ್ನಡಕ ಸರಿಮಾಡಿಕೊಂಡರು. ಬ್ರಯೊನಿ ಮೇಜಿನ ಅಂಚು ಹಿಡಿದಳು. "ಗಂಡು."

ಮಕ್ಕಳು ಬಲೂನುಗಳನ್ನೆಲ್ಲ ಒಡೆದುಬಿಟ್ಟರು. ಬುಟ್ಟಿಯ ಮರಿಗಳು ಬೆದರಿ ಒಂದರ ಕೆಳಗೊಂದು ತೂರಿಕೊಂಡವು. ಗದ್ದಲ ಸ್ವಲ್ಪ ಇಳಿದಾಗ ಹೆಸ್ಲಪ್ ಅವಳಿಗೊಂದು ಬಟ್ಟಲು ಚಹಾ ತಂದುಕೊಟ್ಟ.

"ಎರಡರಲ್ಲಿ ಒಂದು ಸರಿ ಹೇಳಿದೀನಿ. ಅರ್ಧ ಅಂಕ ಸಿಗುತ್ತಾ ಟೀಚರ್?"

"ನಾನು ಟೀಚರ್ ಅಲ್ಲ, ಮಿಸ್ಟರ್ ಹೆಸ್ಲಪ್."

"ಇವತ್ತು ಆಗಿದ್ದೆ ಕಣಮ್ಮ." ಬುಟ್ಟಿಯತ್ತ ಬಾಗಿ, ಕೆಂಪು ಮರಿಯ ರೆಕ್ಕೆಯನ್ನು ಒಂದು ಬೆರಳಿನಿಂದ ಬಿಡಿಸಿ, ಜೇಬಿನಿಂದ ಭೂತಗನ್ನಡಿ ತೆಗೆದು ನೋಡಿದ. ಕನ್ನಡಿಯನ್ನು ಅವಳ ಕೈಗೆ ಕೊಟ್ಟ. ಗರಿಯ ತುದಿಯಲ್ಲಿ, ಪೆನ್ನು ಕೊಡವಿದಾಗ ಸಿಡಿದಂಥ ಎರಡು ಸಣ್ಣ ಚುಕ್ಕೆಗಳಿದ್ದವು.

"ಇಂಥ ಚುಕ್ಕೆ ಎಷ್ಟೋ ಹಕ್ಕೀಲಿ ನೋಡಿದೀನಿ," ಅಂದ ಹೆಸ್ಲಪ್. "ಕೊಳೆ ಅಂದ್ಕೊಂಡು ಉಜ್ಜಿ ತೊಳೀತಿದ್ದೆ."

*

ಮರಿಗಳು ತಾವೇ ಕಾಳು ತಿನ್ನಲು ಕಲಿತವು. ನೀಲಿ ಗಂಡಿನ ಕೆಲಸ ಮುಗಿದಿತ್ತು. ಹೆಸ್ಲಪ್ ಬುಟ್ಟಿ ಹಿಡಿದು ಬರುತ್ತೇನೆ ಎಂದು ಫೋನ್ ಮಾಡಿದ.

"ಬೇಡ," ಅಂದಳು ಬ್ರಯೊನಿ. "ಎರವಲು ತಗೊಂಡವರು ವಾಪಸ್ ಕೊಡಬೇಕು. ನಾನೇ ಕೊಡ್ತೀನಿ. ನೀವು ಮನೇಲೇ ಇರಿ. ಹೊರಗೆ ಬಂದು ನಿಂತ್ಕೊಳ್ಳಿ."

ಸಮುದ್ರದ ದಂಡೆಯ ಮೇಲಿನ ಬಂಡೆಯ ದಿಣ್ಣೆಗೆ ಬುಟ್ಟಿ ಹೊತ್ತು ನಡೆದಳು. ಹಿಂದಿನ ದಿನ ಗಾಳಿ ಜೋರಿತ್ತು, ಇವತ್ತು ಇರಲಿಲ್ಲ. ದೂರದಲ್ಲಿ ಊರಿನ ಮಾಡುಗಳ ಆಚೆ ಗಣಿಯ ಹಳೆಯ ಮಣ್ಣಿನ ಗುಡ್ಡ, ಅದರ ಬುಡದಲ್ಲಿ ಹೆಸ್ಲಪ್‌ನ ಮನೆ. ಇಲ್ಲಿಂದ ಕಾಣುವುದಿಲ್ಲ. ಹಕ್ಕಿಗೆ ಕಾಣಬೇಕಾಗಿಯೂ ಇಲ್ಲ.

ಬುಟ್ಟಿ ಹುಲ್ಲಿನ ಮೇಲಿಟ್ಟು, ಗಂಡನ್ನು ಎರಡೂ ಕೈಯಲ್ಲಿ ತೆಗೆದಳು. ಹೆಸ್ಲಪ್ ಕಲಿಸಿದಂತೆ ಕಾಲುಗಳನ್ನು ಬೆರಳ ಸಂದಿಯಲ್ಲಿ ಹಿಡಿದಳು. ಕಾಲಿನ ಉಂಗುರ ಅವಳ ಉಂಗುರಕ್ಕೆ ತಾಗಿ ಸಣ್ಣಗೆ ಸದ್ದಾಯಿತು. ಎದೆ ಬಿಸಿಯಾಗಿತ್ತು, ಒಳಗೆ ಬಡಿತ ಬಹಳ ವೇಗ. "ಥ್ಯಾಂಕ್ಸ್," ಅಂದಳು. "ಒಂದು ದಿನ ಚಕ್ಕರ್ ಹೊಡೆದೆ. ಅದನ್ನ ಬಿಟ್ರೆ ಚೆನ್ನಾಗಿ ಮಾಡಿದೆ."

ಕೈ ಬಿಚ್ಚಿದಳು. ಅದು ರೆಕ್ಕೆ ಚಪ್ಪಾಳೆಯಂತೆ ಬಡಿದು ಮೇಲೆದ್ದು, ಅವಳ ತಲೆಯ ಮೇಲೆ ಒಂದು ಸುತ್ತು ಹಾಕಿ, ಗುಡ್ಡದ ಕಡೆ ತಿರುಗಿತು. ಈ ಸಲ ಅವಳು ಅದು ಚುಕ್ಕೆಯಾಗುವವರೆಗೂ ನೋಡಿದಳು. ಆಮೇಲೆ ಫೋನ್ ತೆಗೆದಳು.

"ಬಿಟ್ಟಿದೀನಿ, ಮಿಸ್ಟರ್ ಹೆಸ್ಲಪ್. ಬರ್ತಿದಾನೆ."

"ಬರ್ಲಿ. ಡೋರೀನೂ ಇಲ್ಲೇ ನಿಂತಿದಾಳೆ, ಚಪ್ಪಲಿ ಇಲ್ದೆ. ಫೋನ್ ಇಡಬೇಡ."

ಅವಳು ಇಡಲಿಲ್ಲ. ಆ ಕಡೆ ಡೋರೀನ್ ಏನೋ ಬೈಯುತ್ತಿದ್ದಳು, ನಾಯಿ ಬೊಗಳುತ್ತಿತ್ತು. ಬ್ರಯೊನಿ ಖಾಲಿ ಬುಟ್ಟಿಯ ಪಕ್ಕ ಹುಲ್ಲಿನ ಮೇಲೆ ಕೂತು, ಫೋನ್ ಕಿವಿಗೆ ಒತ್ತಿಕೊಂಡು ಕಾದಳು.

"ಬಂದ," ಅಂದ ಹೆಸ್ಲಪ್. "ಮಾಡಿನ ಮೇಲೆ ಕೂತ. ಈಗ್ಲೇ ಬೈತಿದಾನೆ."